ಬೋಣಿಗೆಯ ಅರಿಷಿಣ

ಉಪ್ಪಿನಬೆಟಗೇರಿ
ತಾ. ೯-೮-೧೯೬೪

ಪ್ರೀತಿಯ ರುಕ್ಮಕ್ಕನಿಗೆ ನಿನ್ನ ಶಿವಲಿಂಗಿಯ ಶರಣು.

ಇಲ್ಲಿ ಎಲ್ಲರೂ ಆರಾಮ. ಭಾವನವರು ತೀರಿಕೊಂಡು ಮೂರು ತಿಂಗಳು, ನೀನು ಹುಬ್ಬಳ್ಳಿಯ ಅಣ್ಣನ ಮನೆ ಸೇರಿ ಎರಡು ತಿಂಗಳು. ಒಂದು ಸಮಾಧಾನದ ಮಾತನ್ನೂ ಬರೆಯಲಿಲ್ಲ, ಬೈದುಬಿಡು. ಅಂಗಡಿಯ ಕೆಲಸವೆಂದು ನೆಪ ಹೇಳಬಹುದಿತ್ತು. ನಿನ್ನ ಮುಂದೆ ನನ್ನ ನೆಪ ಯಾವತ್ತು ನಡೆದಿದೆ?

ಮೊನ್ನೆ ನಮ್ಮ ಕಿರಾಣಿ ಅಂಗಡಿಗೆ ಕರೆಂಟ್ ಬಂತು. ಹುಬ್ಬಳ್ಳಿಯಿಂದ ಮಾಲು ತರುವ ಗೌಸಮೊದ್ದೀನ ಕಾಕಾ ಬೆಲ್ಲದ ಪೆಂಟಿ ಇಳಿಸುತ್ತ, "ಯವ್ವಾ, ಪ್ಯಾಟಿ ಓಣ್ಯಾಗ ಮೊದಲ ದೀಪ ನಿಂದ ಆತು ನೋಡು" ಎಂದರು. ನನಗೆ ನೀನೇ ನೆನಪಾದೆ.

ಐವತ್ತೆಂಟರಲ್ಲಿ ನಮ್ಮ ಯಜಮಾನರು ಹೋದ ಮೇಲೆ ನಾನು ತಕ್ಕಡಿ ಹಿಡಿದೆನಲ್ಲ, ಗಂಡ ಸತ್ತವಳ ಕೈಯಿಂದ ದಿನದ ಮೊದಲ ವ್ಯಾಪಾರ, ಬೋಣಿಗೆ, ಯಾರಿಗೂ ಬೇಡವಾಗಿತ್ತು. ಬೇರೆ ಯಾರಾದರೂ ಮೊದಲು ಕೊಳ್ಳಲಿ ಎಂದು ಚೀಲ ಹಿಡಿದು ದೂರ ನಿಲ್ಲುತ್ತಿದ್ದರು. ಎಂಟು ದಿನ ನೊಣ ಹೊಡೆದೆ. ಒಂಬತ್ತನೇ ದಿನ ಹಣೆತುಂಬ ಕುಂಕುಮ ಇಟ್ಟುಕೊಂಡು ನೀನು ಬಂದೆ. "ಮಾರಿ ಏನ ನೋಡ್ತಿ? ಅರಿಷಿಣ ಕಟ್ಟ. ಬೋಣಿಗಿ ನಂದು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಆಮೇಲೆ ಆರು ವರ್ಷ, ಒಂದು ಬೆಳಗೂ ತಪ್ಪಿಸಲಿಲ್ಲ. ಅಷ್ಟು ಅರಿಷಿಣ ಏನು ಮಾಡಿದೆ ಮಾರಾಯ್ತಿ? "ಸಾರೂ ಹಳದಿ, ಪಲ್ಯಾನೂ ಹಳದಿ, ಇನ್ನ ನಾನೂ ಹಳದಿ ಆಗೂದೊಂದ ಉಳದೈತಿ" ಎಂದು ಭಾವನವರು ನಗುತ್ತಿದ್ದರು.

ಸೇರು ಹೋಗಿ ಕಿಲೋ ಬಂದಾಗ ಗಿರಾಕಿಗಳು ಮೋಸ ಮೋಸ ಎಂದು ಕೂಗಾಡಿದರು. ಆಗಲೂ ನೀನೇ ಮುಂದೆ ನಿಂತು ಹಳೆಯ ಕಲ್ಲು, ಹೊಸ ಕಲ್ಲು ಎರಡನ್ನೂ ತೂಗಿಸಿ ಅವರ ಬಾಯಿ ಮುಚ್ಚಿಸಿದೆ. ಅಂಗಡಿ ನಿಂತದ್ದು, ನನ್ನ ಮಕ್ಕಳು ಶಾಲೆ ಕಲಿತದ್ದು, ಎಲ್ಲ ನಿನ್ನಿಂದ. ಈ ಉಪಕಾರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಊರಿಗೆ ಬಾ ಅಕ್ಕ. ಗಲ್ಲಾಪೆಟ್ಟಿಗೆಯ ಹತ್ತಿರ ನನ್ನ ಪಕ್ಕದಲ್ಲಿ ಕೂಡು. ಬಸವಣ್ಣ ನಿನ್ನ ಮನಸ್ಸಿಗೆ ತಂಪು ಕೊಡಲಿ.

ನಿನ್ನ ತಂಗಿ,
ಶಿವಲಿಂಗವ್ವ

ತಾ.ಕ.: ಇಷ್ಟೆಲ್ಲ ಬರೆದು, ಬರೆಯಬೇಕಾದದ್ದನ್ನೇ ಬಿಟ್ಟೆ. ಭಾವನವರು ತೀರಿಕೊಂಡು ಒಂದು ತಿಂಗಳಾದಾಗ, ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ನೀನು ಬರಿಹಣೆಯಲ್ಲಿ ಬಂದು, "ಶಿವಲಿಂಗಿ, ಅರ್ಧ ಕಿಲೋ ಬ್ಯಾಳಿ ಕೊಡ" ಎಂದೆ. ನಾನು, ಈ ಪಾಪಿ, "ತಡಿ ಅಕ್ಕ, ಬೋಣಿಗಿ ಆಗ್ಲಿ" ಎಂದುಬಿಟ್ಟೆ. ನೀನೆಂದು ಗೊತ್ತಿದ್ದೇ ಅಂದೆ. ನನ್ನ ಬಾಯಿಗೆ ಮಣ್ಣು ಬೀಳಲಿ. ಮುರುಗೆಪ್ಪ ಬಂದು ಬೀಡಿ ಕೊಂಡು ಹೋದ. ಆಮೇಲೆ ನಿನಗೆ ಬೇಳೆ ತೂಗಿದೆ. ಎರಡು ದಿನಕ್ಕೆ ನೀನು ಹೇಳದೆ ಊರು ಬಿಟ್ಟೆ. ಆವತ್ತು ನೀನು ಉಗುಳಿ ಹೋಗಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ, ರುಕ್ಮಕ್ಕ. ನೀನು ಪಕ್ಕಕ್ಕೆ ಸರಿದು, ನಾನು ಹೇಳಿದಂತೆ ಕಾಯ್ದು ನಿಂತೆ.