ಡಾಕ್ಟ್ರಮ್ಮ ಕೊಟ್ಟ ಗಾಜಿನ ಕಡ್ಡಿಗಳು

ಆಲಂಕಾರು
16-1-1963, ಬುಧವಾರ

ಸ್ಲೇಟು ತಿದ್ದಿ ಆಯಿತು. ಎರಡನೇ ಕ್ಲಾಸಿನವರಿಗೆ ಏಳರ ಮಗ್ಗಿ ಇನ್ನೂ ಬರುತ್ತಿಲ್ಲ. ನಮ್ಮ ಮನೆಯವರಿಗೆ ಬಸ್ಸಿನ ಡ್ಯೂಟಿ, ಇವತ್ತು ಪುತ್ತೂರಿನಲ್ಲೇ ಹಾಲ್ಟ್. ಕಂಡಕ್ಟರನ ಹೆಂಡತಿಗೆ ದಿನ ಬಿಟ್ಟು ದಿನ ನೆಮ್ಮದಿ. ಹೀಗೆ ಬರೆಯಬಾರದು... ಆದರೆ ನಿಜ.

ಮಂಡೆಕೋಲಿನಿಂದ ಅತ್ತೆ ಕಾಗದ ಬರೆಸಿದ್ದಾರೆ. ಮದುವೆಯಾಗಿ ಎರಡು ವರ್ಷ, ಮಕ್ಕಳ ಸುದ್ದಿ ಇಲ್ಲ; ಇವಳನ್ನು ತವರಿಗೆ ಬಿಡು, ಮರ್ಕಂಜದಲ್ಲಿ ಒಂದು ಹುಡುಗಿ ನೋಡಿದ್ದೇನೆ ಎಂದು. ಇವರು ಓದಿ ಮಡಚಿಟ್ಟರು.

ಮಕ್ಕಳಾಗುವುದು ಹೇಗೆ? ಇವರು ಹತ್ತಿರ ಬಂದರೆ ಮೈ ಬಿಗಿದುಕೊಳ್ಳುತ್ತದೆ. ನಾನು ಬೇಡ ಎನ್ನುವುದಿಲ್ಲ. ಮೈ ಎನ್ನುತ್ತದೆ. ಒಂದು ಸಲವೂ ಆಗಿಲ್ಲ. ಯಾರಲ್ಲಿ ಹೇಳಲಿ?

22-1-1963, ಮಂಗಳವಾರ

ಮಕ್ಕಳಿಗೆ ಸಿಡುಬಿನ ದಾಕು ಹಾಕಲು ಮಿಡ್‌ವೈಫ್ ಲೀಲಾಮ್ಮ ಶಾಲೆಗೆ ಬಂದಿದ್ದರು. ಕಡಬದ ಕಡೆಯವರು, ಮನೆಮಾತು ಮಲಯಾಳ. ಆಫೀಸ್ ರೂಮಿನಲ್ಲಿ ಇಬ್ಬರೇ ಇದ್ದೆವು. ಹೇಳಿಬಿಟ್ಟೆ. ಮೇಣದಬತ್ತಿಯಿಂದ ನಾನೇ ಅಭ್ಯಾಸ ಮಾಡಿಕೊಳ್ಳಲೇ ಎಂದು ಯೋಚಿಸಿದ್ದನ್ನೂ.

“ಅಯ್ಯೋ ಟೀಚರ್, ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಹಾಕುದಲ್ಲ! ತುಂಡಾಗಿ ಒಳಗೆ ನಿಂತ್ರೆ ಎಂತ ಮಾಡ್ತೀರಿ? ಪುತ್ತೂರಲ್ಲಿ ಲೇಡಿ ಡಾಕ್ಟ್ರು ಉಂಟು. ನಾನೇ ಕರ್ಕೊಂಡು ಹೋಗ್ತೇನೆ.”

ಹಾಗಾದರೆ ಇದು ಡಾಕ್ಟರರಿಗೆ ಗೊತ್ತಿರುವ ವಿಷಯವೇ?

2-2-1963, ಶನಿವಾರ, ಸಂಜೆ

ಹೋಗಿ ಬಂದೆ. ನಾಚಿಕೆಯಿಂದ ಅರ್ಧ ಕೇಳಿಸಲೇ ಇಲ್ಲ.

ಡಾಕ್ಟ್ರಮ್ಮ ವಯಸ್ಸಾದವರು. “ರೋಗ ಎಂತದೂ ಇಲ್ಲಮ್ಮ. ಹೆದರಿಕೆಗೆ ಅಲ್ಲಿನ ಸ್ನಾಯು ಬಿಗಿಯುದು. ಅದಕ್ಕೆ ನಿಧಾನ ಅಭ್ಯಾಸ ಮಾಡಿಸ್ಬೇಕು,” ಎಂದರು. ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ಹತ್ತಿಯ ಮೇಲೆ ನಾಲ್ಕು ಗಾಜಿನ ಕಡ್ಡಿ. ಒಂದನೇ ನಂಬರ್ ಕಿರುಬೆರಳಿನಷ್ಟು ಸಪೂರ, ಮತ್ತಿನವು ಒಂದಕ್ಕಿಂತ ಒಂದು ದಪ್ಪ. ತುದಿ ನುಣ್ಣಗೆ ಉರುಟು, ಬುಡ ಅಗಲ. ಬುಡ ಯಾಕೆ ಹೀಗೆ ಎಂದು ಕೇಳಿದೆ.

“ಒಳಗೆ ಜಾರಿ ಹೋಗ್ಬಾರ್ದಲ್ಲ.”

ಪ್ರತಿ ಸಲ ಬೆಳಕಿಗೆ ಹಿಡಿದು ನೋಡಬೇಕು, ಕೂದಲಿನಷ್ಟು ಬಿರುಕು ಕಂಡರೂ ಎಸೆಯಬೇಕು. ಸಾಬೂನಿನಲ್ಲಿ ತೊಳೆದು ಕುದಿಸಿ, ಅದೇ ನೀರಿನಲ್ಲಿ ತಾನಾಗಿ ಆರಲು ಬಿಡಬೇಕು. ಶುದ್ಧ ತೆಂಗಿನೆಣ್ಣೆ ಧಾರಾಳ ಹಚ್ಚಬೇಕು. ಮೊಣಕಾಲು ಮಡಚಿ ಮಲಗಿ, ಉಸಿರು ಬಿಡುವಾಗ ಮೆಲ್ಲನೆ. ಸಪೂರದ್ದು ಸಲೀಸಾದ ಮೇಲೆಯೇ ಮುಂದಿನದು. “ಹಠ ಮಾಡುದಲ್ಲ. ನೋವಾದ್ರೆ ನಿಲ್ಲಿಸಿ. ರಕ್ತ ಕಂಡ್ರೆ ಬನ್ನಿ. ಗಂಡನಿಗೂ ಹೇಳಿ, ಆಯ್ತಾ?”

ಆಯಿತು ಎಂದೆ. ಇವರಿಗೆ ಹೇಳಲಿಲ್ಲ. ಪೆಟ್ಟಿಗೆ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿದೆ.

5-2-1963

ಬಾಗಿಲಿಗೆ ಚಿಲಕ ಹಾಕಿದೆ. ಕುದಿಸಿದೆ. ಎಣ್ಣೆ ಹಚ್ಚಿದೆ. ಆಗಲಿಲ್ಲ. ಉಸಿರು ಬಿಡುವ ಬದಲು ಹಿಡಿದುಕೊಂಡಿದ್ದೆ. ತೊಳೆದಿಟ್ಟೆ.

11-2-1963

ಆಯಿತು. ಒಂದನೇ ನಂಬರ್. ನೋವಿಲ್ಲ. ಹತ್ತು ನಿಮಿಷ ಮಾಡಿನ ಹಂಚು ಲೆಕ್ಕ ಮಾಡುತ್ತ ಮಲಗಿದ್ದೆ. ಆಮೇಲೆ ಎದ್ದು ಚಾ ಮಾಡಿ ಕುಡಿದೆ, ಏನೂ ಆಗದವಳಂತೆ. ಇಷ್ಟೇ ಆಗಿದ್ದರೆ ಎರಡು ವರ್ಷ ಏನಾಗಿತ್ತು ನನಗೆ?

26-2-1963

ಈಗ ಎರಡನೆಯದು. ಇವತ್ತು ನೋವಲ್ಲ, ಬೇರೇನೋ... ಹಿತವಾಯಿತು. ಹೆದರಿ ತೆಗೆದೆ. ಮದ್ದು ಹಿತವಾಗಬಹುದೇ? ಹಿತವಾದರೆ ಅದು ಮದ್ದೇ?

28-2-1963

ಲೀಲಾಮ್ಮನನ್ನು ಕೇಳಿದೆ. ದಾರಿಯಲ್ಲೇ ನಿಂತು ನಕ್ಕರು.

“ಹಿತ ಆದ್ರೆ ಎಂತ ತಪ್ಪು ಮಾರಾಯ್ತಿ? ನೋವಾದ್ರೆ ಮಾತ್ರ ಸರಿಯಾ?”

ಯಾರಾದರೂ ಕೇಳಿಸಿಕೊಂಡರೋ ಎಂದು ಹಿಂದೆ ಮುಂದೆ ನೋಡಿದೆ.

9-3-1963, ಶನಿವಾರ

ಇವರು ಬೆಳಿಗ್ಗೆ ಖಾಕಿ ಶರ್ಟ್ ಹುಡುಕುತ್ತ ಟ್ರಂಕು ತೆಗೆದರು. ಪೆಟ್ಟಿಗೆ ಸಿಕ್ಕಿತು.

“ಎಂತ ಇದು?”

ಹೇಳಿದೆ. ಹೇಗೆ ಹೇಳಿದೆನೋ, ಮದ್ದು ಎಂದೆ, ಅಭ್ಯಾಸ ಎಂದೆ, ತೊದಲಿದೆ. ಮೂರನೆಯ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

“ಇದು ಆಗ್ತದೆ. ನಾನು ಆಗುದಿಲ್ಲ. ಅಲ್ವಾ?”

ಮೆಲ್ಲನೆ ಹತ್ತಿಯ ಮೇಲಿಟ್ಟು ಡ್ಯೂಟಿಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

14-3-1963, ಗುರುವಾರ

ಐದು ದಿನ ಬರಲಿಲ್ಲ. ಪುತ್ತೂರಿನಲ್ಲೋ, ಮಂಡೆಕೋಲಿಗೆ ಹೋದರೋ, ಮರ್ಕಂಜಕ್ಕೋ... ಇವತ್ತು ನಾಲ್ಕು ಗಂಟೆಯ ಬಸ್ಸಿಗೆ ಬಂದರು. ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತರು.

“ಡಾಕ್ಟ್ರಲ್ಲಿ ಹೋಗಿದ್ದೆ. ಪೆಟ್ಟಿಗೆಯ ಚೀಟಿಯಲ್ಲಿ ಹೆಸರಿತ್ತು. ಅವರು ಎಂತದೂ ಹೇಳ್ಲಿಲ್ಲ. ಹೆಂಡತಿಯನ್ನೇ ಕೇಳು ಅಂತ ಕಳಿಸಿದ್ರು.”

“ಏನು ಕೇಳಬೇಕು ನಿಮಗೆ?”

ಒದ್ದೆ ಟವೆಲನ್ನು ಮಡಚಿ ಪಕ್ಕಕ್ಕಿಟ್ಟರು. “ನಿನಗೆ ನನ್ನ ಕಂಡ್ರೆ ಹೇಸಿಗೆ ಅಂತ ಎಣಿಸಿದ್ದೆ. ಎರಡು ವರ್ಷ. ಹೌದಾ ಮನೋರಮಾ?”

ಅಲ್ಲ, ಅಲ್ಲ ಎಂದೆ. ಎಷ್ಟು ಸಲ ಎಂದೆನೋ. ಆಮೇಲೆ ಎಲ್ಲ ಹೇಳಿದೆ. ಮೇಣದಬತ್ತಿಯಿಂದ ಹಿಡಿದು. ಹಿತವಾದದ್ದನ್ನು ಮಾತ್ರ ಬಿಟ್ಟೆ. ಅದನ್ನೂ ಹೇಳಬೇಕಿತ್ತೇ?

15-3-1963

ಇವರು ಅಮ್ಮನಿಗೆ ಕಾರ್ಡು ಬರೆದರು. “ಮರ್ಕಂಜದ ಸುದ್ದಿ ಇನ್ನು ಎತ್ತಬೇಡಿ.” ಅಷ್ಟೇ. ಓದಿ ನೋಡು ಎಂದು ನನ್ನ ಕೈಗೆ ಕೊಟ್ಟರು. ಪೋಸ್ಟಿಗೆ ನಾನೇ ಹಾಕಿದೆ.

31-3-1963, ಭಾನುವಾರ, ಮಧ್ಯಾಹ್ನ 3 ಗಂಟೆ

ಕಳೆದ ವಾರವೇ ನಾಲ್ಕನೆಯದೂ ಸಲೀಸಾಗಿತ್ತು. ಇವರಿಗೆ ಹೇಳಿರಲಿಲ್ಲ. ಇವತ್ತು ಊಟವಾದ ಮೇಲೆ ನಾನೇ ಹೇಳಿದೆ. ನಾನೇ ಚಿಲಕ ಹಾಕಿದೆ.

ಈ ಸಲ ಉಸಿರು ಹಿಡಿದುಕೊಂಡದ್ದು ಇವರು. ನಾನಲ್ಲ. ಆಯಿತು.

ಈಗ ಇವರು ಅಡುಗೆಮನೆಯಲ್ಲಿ ಚಾ ಮಾಡುತ್ತಿದ್ದಾರೆ. ಸಕ್ಕರೆ ಡಬ್ಬ ಎಲ್ಲಿ ಉಂಟು ಎಂದು ಎರಡು ಸಲ ಕೇಳಿದರು. ನೋವಾಗಿಲ್ಲ. ದುಃಖವೂ ಇಲ್ಲ. ಮತ್ತೆ ಯಾಕೆ ಈ ಕಣ್ಣೀರು ನಿಲ್ಲುವುದಿಲ್ಲ? ಇವರು ನೋಡಿದರೆ ಪುನಃ ಏನೇನೋ ಎಣಿಸಿಯಾರು... ಬರುತ್ತಿದ್ದಾರೆ. ಈ ಸಲ ನಾನೇ ಮೊದಲು ಹೇಳಬೇಕು, ನಿಮ್ಮಿಂದಾಗಿ ಅಲ್ಲ, ಅಥವಾ ಹೌದು, ನಿಮ್ಮಿಂದಲೇ, ಆದರೆ ಹೇಸಿಗೆಯಿಂದಲ್ಲ, ಹಿತವಾಗಿ ಎಂದು.