ನಿನ್ನ ಕೊಲೆಯ ಬಗ್ಗೆ ಊರಿನ ಅಭಿಪ್ರಾಯ

ನೆವಿಯೊ ಅಣ್ಣಾ,

ನಿನ್ನ ಕೊಲೆ ಈಗ ಸಿನಿಮಾ ಆಗಿದೆ. ನಿನ್ನೆ ಲಿವೊರ್ನೊದ ನಮ್ಮ ಬಂದರು ಕಾರ್ಮಿಕರ ಕ್ಲಬ್ಬಿನಲ್ಲೇ ತೋರಿಸಿದರು. ಮುಗಿದ ಮೇಲೆ ವಾಡಿಕೆಯಂತೆ ದೀಪ ಹಾಕಿ, ಮೈಕನ್ನು ಸಾಲಿನುದ್ದಕ್ಕೂ ದಾಟಿಸಿದರು. ಅಭಿಪ್ರಾಯ ಹೇಳದೆ ಎದ್ದುಹೋದರೆ ಈ ಊರಿಗೆ ಉಂಡದ್ದು ಅರಗುವುದಿಲ್ಲವಲ್ಲ!

"ಕೊಲೆಗಾರ ಎಷ್ಟು ಚೆಂದ ಇದ್ದಾನ್ರೀ! ಅವನಿಗೇ ಇನ್ನೂ ನಾಕು ಸೀನ್ ಕೊಡಬೇಕಿತ್ತು," ಎಂದಳು ಔಷಧಿ ಅಂಗಡಿಯ ಮರೂಸ್ಕಾ.

"ಆ ಯೂನಿಯನ್ ಲೀಡರ್ ಭಾಷಣ ಜಾಸ್ತಿ ಆಯ್ತು. ಅವನನ್ನ ಬೇಗ ಹೊಡೆದು ಮುಗಿಸಬಾರದಿತ್ತಾ?" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಥೂ!

ಆಮೇಲೆ ಬ್ರೆಡ್ ಅಂಗಡಿಯ ಬ್ರೂನೆರೊ ಎದ್ದ. "ಗುಂಡು ಬಿದ್ದೋನು ಬೀದೀಲಿ ಒದ್ದಾಡ್ತಿದ್ರೆ ಜನ ಶಟರ್ ಎಳ್ಕೊಂಡು ಒಳಗೆ ಕೂರ್ತಾರಾ? ಶುದ್ಧ ಸುಳ್ಳು ಕಣ್ರಯ್ಯಾ!"

ಅವನ ಅಂಗಡಿಯ ಮೆಟ್ಟಿಲ ಮೇಲೆಯೇ ನೀನು ಸತ್ತದ್ದು.

ಮೈಕು ನನ್ನ ಕೈಗೆ ಬಂತು. "ಸಿನಿಮಾದಲ್ಲಿ ಒಂದೇ ತಪ್ಪು," ಎಂದೆ. "ಶಟರ್ ಸದ್ದು ಸಾಲದು. ಅವತ್ತು ಬೀದಿ ತುಂಬಾ ಎಷ್ಟು ಶಟರ್ ಎಳೆದ್ರು ಅಂದ್ರೆ, ಓಡಿ ಬರ್ತಿದ್ದ ನನಗೆ ಅಣ್ಣ ಕೂಗಿದ್ದೇ ಕೇಳಿಸಲಿಲ್ಲ."

ಮೊದಲು ಚಪ್ಪಾಳೆ ತಟ್ಟಿದವನು ಬ್ರೂನೆರೊ. "ಭೇಷ್! ಸೌಂಡ್ ಬಗ್ಗೆ ಎಷ್ಟು ಸೂಕ್ಷ್ಮವಾಗಿ ಹೇಳಿದ್ಲು ನೋಡ್ರೋ ನಮ್ಮ ಎಲ್ವೀರಾ!"

ಇಡೀ ಸಭೆ ಚಪ್ಪಾಳೆ ತಟ್ಟಿತು. ನಾನು ಮೈಕನ್ನು ಪಕ್ಕದವರಿಗೆ ದಾಟಿಸಿದೆ.