ಕೊಳ್ಳ ಹರಿಯದ ಗಾಡಿ

ಹಳಿಯಾಳ,
೨೧ ಫೆಬ್ರವರಿ ೧೯೮೩

ಇನಾಸನಿಗೆ,

ಪೂಜ್ಯ ಎಂದು ಬರೆಯುವುದಿಲ್ಲ. ಗಂಡನನ್ನು ಪೂಜಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ ಎಂಬುದು ನಿನಗೆ ಗೊತ್ತು. ಪ್ರಿಯ ಎಂದು ಬರೆಯಲು ಇನ್ನೂ ಮನಸ್ಸಾಗಿಲ್ಲ. ಹೆಸರೊಂದೇ ಸಾಕು. ಈ ಕಾಗದವನ್ನು ಬೇರೆಯವರ ಕೈಯಲ್ಲಿ ಓದಿಸಬೇಡ. ನಾನೇ ಕಲಿಸಿದ ಅಕ್ಷರಗಳು, ನಿಧಾನವಾಗಿ ನೀನೇ ಓದು.

ನಿನ್ನಿಂದ ಏನನ್ನೂ ಬೇಡಲು ಬರೆಯುತ್ತಿಲ್ಲ. ದಸರೆಯ ಮರುದಿನ ಮನೆ ಬಿಟ್ಟಾಗ ನನ್ನ ಪುಸ್ತಕಗಳ ಹೊರತು ಏನನ್ನೂ ಒಯ್ಯಲಿಲ್ಲ. ಈಗಲೂ ಬೇಕಾದ್ದೇನಿಲ್ಲ. ಇದು ಒಂದು ಗಾಡಿಯ ವಿಷಯ.

ಅಮೀನಾ, ಸುಶೀಲವ್ವ ಮತ್ತು ನಾನು ಕಾಡಿನ ಊರುಗಳಿಗೆ ಹೋಗಿ ಹೆಂಗಸರಿಗೆ ಓದು ಕಲಿಸುವುದು ನಿನಗೆ ಗೊತ್ತಿದ್ದದ್ದೇ. ಹೋದ ವರ್ಷ ದಸರೆಯ ನಂತರ ಆ ಕೆಲಸ ನಿಂತದ್ದು ಕಲಿಯುವವರಿಲ್ಲದೆ ಅಲ್ಲ, ಮಲಗಲು ಜಾಗವಿಲ್ಲದೆ. ಗಂಡನನ್ನು ಬಿಟ್ಟ ಸಿದ್ದಿ ನಾನು, ಒಬ್ಬಳು ಸಾಬರವಳು, ಇವರ ಜೊತೆ ಉಂಡುಟ್ಟ ಒಬ್ಬ ಮಿಲ್ ಕೆಲಸಗಾರನ ಹೆಂಡತಿ. ಯಾರ ಪಡಸಾಲೆಯೂ ನಮಗೆ ತೆರೆಯಲಿಲ್ಲ. ಜೊಯಿಡಾದ ಬಸ್ ನಿಲ್ದಾಣದಲ್ಲಿ ಮಲಗಿ, ಮೂವರೂ ಜ್ವರ ಹಿಡಿದು ಮರಳಿದೆವು. ಆದ್ದರಿಂದ ಈ ಸಲ ಮನೆಯನ್ನೇ ಜೊತೆಗೆ ಒಯ್ಯುವುದೆಂದು ತೀರ್ಮಾನಿಸಿದೆವು. ಧಾರವಾಡದ ಗೆಳತಿಯರು ಕೂಡಿಸಿ ಕೊಟ್ಟ ಹಣದಲ್ಲಿ ಒಂದು ಗಾಡಿ ಬರುತ್ತದೆ.

ದಾಂಡೇಲಿಯಲ್ಲಿ ಮಲಕಪ್ಪನ ಗ್ಯಾರೇಜಿನಲ್ಲಿ ಎರಡು ನಿಂತಿವೆ. ಒಂದು, ಗೋವೆಯಿಂದ ಬಂದ ಬಿಳಿಯರು ಮಾರಿಹೋದ ವ್ಯಾನು. ಒಳಗೆ ಮಡಚುವ ಹಾಸಿಗೆ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಕಿಟಕಿಗೆ ಹೂವಿನ ಪರದೆ. ಇನ್ನೊಂದು ಟ್ರೇಲರ್. ತಗಡಿನ ಮಾಡು ಹಾಕಿ, ಒಳಗೆ ಮೂರು ಮಂಚ ಹೊಡೆದು ಕೊಡುತ್ತೇನೆ ಎಂದಿದ್ದಾನೆ. ಆದರೆ ಅದನ್ನು ಎಳೆಯಲು ಬೇರೆ ಗಾಡಿ ಬೇಕು.

ನಾನು ವ್ಯಾನಿನ ಪರ ನಿಂತೆ. ನಮ್ಮ ಮೂವರ ಸಭೆಯಲ್ಲಿ ಎದ್ದು, ಇನ್ನೊಬ್ಬರಿಂದ ಎಳೆಸಿಕೊಂಡು ಹೋಗುವುದೇ ಹೆಂಗಸಿನ ಇತಿಹಾಸ, ಸ್ವಂತ ಇಂಜಿನ್ ಇಲ್ಲದವಳಿಗೆ ಸ್ವಂತ ದಾರಿಯೂ ಇಲ್ಲ ಎಂದೆ. ಸುಶೀಲವ್ವ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿ, "ರೋಜಿ, ನಿನಗ ಬ್ಯಾಡಾಗಿದ್ದು ಟ್ರೇಲರ್ ಅಲ್ಲ, ಟ್ರೇಲರ್ ಮುಂದ ಕುಂಡ್ರಾವ" ಎಂದಳು. ಅಮೀನಾ ನಕ್ಕಳು. ನಾನು ಅವತ್ತು ಊಟ ಮಾಡಲಿಲ್ಲ.

ಕಾಡಿನ ದಾರಿಯಲ್ಲಿ ಟ್ರೇಲರ್ ಎಳೆಯಬಲ್ಲ ಸ್ವಂತ ಟ್ರಾಕ್ಟರು ಇಲ್ಲಿ ಯಾರಿಗಿದೆ ಎಂದು ನಾನು ಬರೆಯಬೇಕಾಗಿಲ್ಲ. ಉಳಿದವೆಲ್ಲ ಕಾಡಿನ ಮರ ಸಾಗಿಸುವ ಕಂತ್ರಾಟುದಾರನವು. ನಿನ್ನದು ನಿನ್ನದೇ, ಅದರ ಮೇಲಿನ ಹೊರೆ ಮಾತ್ರ ಅವನದು.

ಕಳೆದ ಗುರುವಾರ ಮಲಕಪ್ಪನೇ ವ್ಯಾನು ಓಡಿಸಿ ನಮ್ಮನ್ನು ಕುಳಗಿಯ ಆಚೆಯ ಒಂದು ಹಾಡಿಗೆ ಕರೆದೊಯ್ದ, ಪರೀಕ್ಷೆಗೆಂದು. ದಾರಿಯಲ್ಲಿ ಕಲ್ಲು ಎರಡು ಸಲ ಅದರ ಹೊಟ್ಟೆಗೆ ಬಡಿಯಿತು. ಅದು ದೊಡ್ಡದಲ್ಲ. ಹಾಡಿಯಲ್ಲಿ ಇಳಿದು ನೋಡಿದರೆ ಅಂಗಳಗಳೆಲ್ಲ ಖಾಲಿ, ಒಲೆಗಳಲ್ಲಿ ಬೆಂಕಿ ಉರಿಯುತ್ತಿತ್ತು, ಜನ ಮಾತ್ರ ಇಲ್ಲ. ಮುಚ್ಚಿದ ಗಾಡಿ ಬಂತೆಂದರೆ ಯಾರನ್ನೋ ಹಿಡಿದೊಯ್ಯಲು ಬಂದಿದೆ ಎಂದು ಮಕ್ಕಳನ್ನೆತ್ತಿಕೊಂಡು ಮರಗಳ ಹಿಂದೆ ಹೋಗಿದ್ದರು. ಇದೇ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಇದು ಹೊಳೆಯಲಿಲ್ಲ.

ಉಳಿದವಳು ತಾಯವ್ವ ಎಂಬ ಮುದುಕಿ, ಓಡಲಾಗದೆ. ನಾನು ವ್ಯಾನಿನ ಬಾಗಿಲು ತೆರೆದು ಹಾಸಿಗೆ ತೋರಿಸಿದೆ, ಒಲೆ ತೋರಿಸಿದೆ, ಹದಿನೈದು ದಿನ ಇಲ್ಲೇ ಇರುತ್ತೇವೆ ಎಂದೆ. ಅವಳು ಸುತ್ತಲೂ ಒಂದು ಸಲ ನಡೆದು ಬಂದು ಕೇಳಿದಳು: "ಇದರ ಕೊಳ್ಳ ಎಲ್ಲಿ ಹರಿತೀರಿ?"

ನಾನು ಹಾಸಿಗೆಯನ್ನು ಮತ್ತೊಮ್ಮೆ ಮಡಚಿ, ಬಿಚ್ಚಿ ತೋರಿಸಿದೆ.

ನಮ್ಮೂರಲ್ಲೂ ಹೀಗೇ ಅಲ್ಲವೇ, ಇನಾಸ. ಎತ್ತಿನ ಕೊಳ್ಳ ಹರಿದು, ನೊಗದಿಂದ ಬಿಡಿಸಿ, ಗಾಡಿಯ ಮುಂದಿನ ಮೂಕಿಯನ್ನು ನೆಲಕ್ಕೆ ಇಳಿಸಿದವನೇ ನೆಂಟ. ಅವನಿಗೆ ಮಣೆ, ಅವನಿಗೆ ಊಟ. ಎತ್ತು ನೊಗದಲ್ಲೇ ಇಟ್ಟುಕೊಂಡು ಮಾತಾಡುವವನಿಗೆ ನೀರು ಕೊಟ್ಟು ಕಳಿಸುತ್ತಾರೆ, ಅವನು ಹೋಗುವವನು ಎಂದು. ನನ್ನ ಅಪ್ಪ ಮಾವನೊಂದಿಗೆ ಜಗಳವಾಡಿ ಬಂದು ಕೊಳ್ಳ ಹರಿಯದೆ ನಮ್ಮದೇ ಮನೆಯ ಬಾಗಿಲಲ್ಲಿ ನಿಂತದ್ದನ್ನು ನಾನೇ ನೋಡಿದ್ದೇನೆ. ಅವನು ಉಳಿಯುವವನಲ್ಲ ಎಂದು ಅವ್ವ ಒಳಗೆ ಅನ್ನಕ್ಕೆ ಇಟ್ಟ ನೀರನ್ನು ಇಳಿಸಿಬಿಟ್ಟಿದ್ದಳು.

"ಇಂಜಿನ್ ಒಳಗ ಐತಿ ಅಂದ್ರ ನೀವು ಯಾವಾಗ ಬೇಕಾದ್ರೂ ಹೋಗಾವ್ರು" ಎಂದಳು ತಾಯವ್ವ. "ನಾವು ಒಳಗ ಕುಂತಾಗ ಹೋದ್ರ?" ನಾನು ಹಾಗೇನೂ ಮಾಡುವುದಿಲ್ಲ ಅಂದೆ. ಅವಳು ನನ್ನ ಮುಖ ನೋಡಿ, "ನೀ ಮಾಡಾಂಗಿಲ್ಲ ತಂಗಿ, ಗಾಡಿ ಮಾಡತೈತಿ" ಎಂದಳು. ಎಲ್ಲರಿಗೂ ಒಂದೊಂದು ತಂಬಿಗೆ ನೀರು ಕೊಟ್ಟಳು. ನೀರು ಮಾತ್ರ.

ಮರಳುವಾಗ ದಾರಿಯುದ್ದಕ್ಕೂ ಅವಳ ಮಾತನ್ನೇ ಯೋಚಿಸಿದೆ. ಎಳೆಯುವ ಗಾಡಿ ಹೊರಟುಹೋಗಿ ಟ್ರೇಲರೊಂದೇ ಮೂಕಿ ಊರಿ ನಿಂತರೆ, ಅದು ಮನೆ. ನಾವು ಓಡಿಹೋಗಲಾರೆವು ಎಂಬುದು ಕಣ್ಣಿಗೆ ಕಾಣುತ್ತದೆ. ಪುಸ್ತಿಕೆಗಳಲ್ಲಿ ನಾನು ಓದಿದ ಸ್ವಾತಂತ್ರ್ಯಕ್ಕೆ ಚಕ್ರವೂ ಇಂಜಿನ್ನೂ ಇದ್ದವು. ಅದಕ್ಕೆ ಕೊಳ್ಳ ಹರಿಯುವ ಜಾಗ ಇರಲಿಲ್ಲ.

ಅಮೀನಾ ನಿನಗೆ ತಾನೇ ಹೇಳಿಕಳಿಸುತ್ತೇನೆ ಎಂದಳು. ಬೇಡವೆಂದೆ. ನನ್ನ ಮಾತನ್ನು ನಾನೇ ಹೇಳಬೇಕು.

ಹದಿನೈದು ದಿನಕ್ಕೊಂದು ಭಾನುವಾರ. ಒಂದು ಊರಿನಲ್ಲಿ ಟ್ರೇಲರ್ ಕಟ್ಟಿಕೊಂಡು ಇನ್ನೊಂದು ಊರಿಗೆ ಎಳೆದು, ಬಿಚ್ಚಿ ಬಿಟ್ಟು, ನೀನು ಹೊರಟುಹೋಗಬೇಕು. ಅಣಶಿಯವರೆಗೂ. ಆ ದಿನ ಕಂತ್ರಾಟುದಾರನ ಹೊರೆಗೆ ಹೋಗುವಂತಿಲ್ಲ. ಅವನು ನಿನ್ನನ್ನು ಕೆಲಸದಿಂದಲೇ ಬಿಡಿಸಿಯೂ ಬಿಟ್ಟಾನು. ಅದು ತಿಳಿದೇ ಕೇಳುತ್ತಿದ್ದೇನೆ. ಹೌದು, ಕೇಳುತ್ತಿದ್ದೇನೆ. ಮೇಲೆ ಬೇಡುವುದಿಲ್ಲ ಎಂದು ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಅಲ್ಲೇ ಇರಲಿ.

ಇದರಿಂದ ದಸರೆಯ ದಿನದ್ದನ್ನು ಮರೆತೆ ಎಂದುಕೊಳ್ಳಬೇಡ. ಹೊರೆ ಹೇರುವವರೆಲ್ಲ ಕೂಲಿಗಾಗಿ ಕೆಲಸ ನಿಲ್ಲಿಸಿ ಡಿಪೋದ ಗೇಟಿನಲ್ಲಿ ಕುಳಿತಿದ್ದರು. ನಾನು ಮುಂದೆ ನಿಂತಿದ್ದೆ. ನೀನು ನಾಟಾದ ದಿಮ್ಮಿ ತುಂಬಿದ ಟ್ರೇಲರ್ ಎಳೆದುಕೊಂಡು ಬಂದು ಹಾರ್ನ್ ಹೊಡೆದೆ. ನಾನು ಸರಿದೆ. ರಾತ್ರಿ ನಿನ್ನನ್ನು ಗುಲಾಮ ಎಂದೆ. ನೀನು "ನಿನ್ನ ಪುಸ್ತಕಾ ನನ್ನ ಗಾಡಿಗೆ ಡೀಸಲ್ ಹಾಕತೈತೇನು?" ಎಂದೆ. ಇಬ್ಬರೂ ಇನ್ನೂ ಅಲ್ಲೇ ನಿಂತಿದ್ದೇವೆ.

ನನ್ನ ಹೆದರಿಕೆ ಬೇರೆಯದು. ಮದುವೆಗೆ ಮೊದಲು ನಿನ್ನ ಟ್ರೇಲರನ್ನು ಟ್ರಾಕ್ಟರಿಗೆ ಸೇರಿಸುವ ಪಿನ್ನು ಹಾಕುತ್ತಿದ್ದವಳು ನಾನು. ನೀನು ಹಿಂದೆ ನೋಡದೆ ಟ್ರಾಕ್ಟರನ್ನು ಹಿಂದಕ್ಕೆ ಬಿಡುತ್ತಿದ್ದೆ. ನಾನು ಎರಡರ ನಡುವೆ ನಿಂತು ಮೂಕಿ ಹಿಡಿದು "ಬಾ, ಬಾ, ಸಾಕು" ಎನ್ನುತ್ತಿದ್ದೆ. ನೀನು ಒಂದು ಗೇಣು ತಡವಾಗಿ ನಿಂತಿದ್ದರೆ ನನ್ನ ಎದೆಗೂಡು ಉಳಿಯುತ್ತಿರಲಿಲ್ಲ. ಒಂದು ದಿನವೂ ತಡವಾಗಲಿಲ್ಲ. ನನಗೆ ಹಾರ್ನ್ ಹೊಡೆದವನೂ ಅದೇ ಮನುಷ್ಯ. ಅವನ ಚಕ್ರದ ಹಿಂದೆ ಮತ್ತೆ ಹೇಗೆ ನಿಲ್ಲಲಿ ಎಂದು ಗುರುವಾರದಿಂದ ಯೋಚಿಸುತ್ತಿದ್ದೇನೆ. ಕೊನೆಗೆ ತಿಳಿದದ್ದಿಷ್ಟೇ: ನಿಂತು ನೋಡದೆ ಅದು ಗೊತ್ತಾಗುವುದಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಮಲಕಪ್ಪನ ಗ್ಯಾರೇಜಿಗೆ ಬಾ. ನೀನು ಬರದಿದ್ದರೆ ಸೋಮವಾರ ವ್ಯಾನನ್ನೇ ಕೊಳ್ಳುತ್ತೇವೆ, ಊರೂರಿನ ನೀರು ಕುಡಿದು ಬರುತ್ತೇವೆ. ಬರುವುದಾದರೆ ಹಾರ್ನ್ ಹೊಡೆಯಬೇಡ. ಹಿಂದೆ ತಿರುಗಿಯೂ ನೋಡಬೇಡ. ನನ್ನ ದನಿ ಕೇಳಿ ಹಿಂದಕ್ಕೆ ಬಿಡು, ನನ್ನ ದನಿ ಕೇಳಿ ನಿಲ್ಲಿಸು. ಬೇರೆ ಯಾರಿಗೂ ನಾನು ಮೂಕಿ ಮುಟ್ಟಲು ಬಿಡುವುದಿಲ್ಲ.

ರೋಜಿ ಇನಾಸ
(ಹೆಸರನ್ನು ಇನ್ನೂ ಬದಲಿಸಿಲ್ಲ)

ತಾ.ಕ.: ಪುಸ್ತಕಗಳ ಹೊರತು ಏನನ್ನೂ ಒಯ್ಯಲಿಲ್ಲ ಎಂದು ಬರೆದದ್ದು ಪೂರ್ತಿ ನಿಜವಲ್ಲ. ನಿನ್ನ ಟ್ರೇಲರಿನ ಪಿನ್ನು ನನ್ನ ಟ್ರಂಕಿನಲ್ಲಿದೆ. ಮರುದಿನದ ಹೊರೆ ನಿಲ್ಲಿಸಲು ತೆಗೆದುಕೊಂಡೆ ಎಂದು ಗೆಳತಿಯರಿಗೆ ಹೇಳಿದ್ದೆ. ನೀನು ಬೇರೆ ಪಿನ್ನು ಹಾಕಿ ಹೊರೆ ಒಯ್ದೆ ಎಂದು ಕೇಳಿದ ಮೇಲೂ ಅದನ್ನು ಎಸೆಯಲಿಲ್ಲ. ತುಕ್ಕು ಹಿಡಿದಿಲ್ಲ. ವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತೇನೆ.